ಪರದೆಯ ನೀಲಿ ಕಾಗದದಲ್ಲಿ ನೇರಳೆ ಆದದ್ದೇಕೆ?
ಓದುಗರ ಪ್ರಶ್ನೆ, ಡಿಸೈನರ್ ಉತ್ತರ

ಪ್ರ: ಹೊಸ ಉದ್ಯಮಕ್ಕೆ ಲೋಗೋ ಮಾಡಿಕೊಡಿ ಎಂದು ಫ್ರೀಲಾನ್ಸ್ ಡಿಸೈನರ್ ಒಬ್ಬರನ್ನು ಕೇಳಿದೆ. ಚಿತ್ರ ಕಳಿಸುವ ಬದಲು ಇಪ್ಪತ್ತು ಪ್ರಶ್ನೆಗಳ ಪಟ್ಟಿ ಕಳಿಸಿದ್ದಾರೆ, ಮೂರು ವಾರ ಸಮಯವನ್ನೂ ಕೇಳಿದ್ದಾರೆ. ಹೆಸರು ಕೊಟ್ಟರೆ ಸಾಲದೆ?

ಉ: ಸಾಲದು. ಪಟ್ಟಿ ಕಳಿಸಿದ್ದಾರೆ ಎಂದರೆ ಒಳ್ಳೆಯವರೇ ಸಿಕ್ಕಿದ್ದಾರೆ ಎಂದುಕೊಳ್ಳಿ. ಈ ಪಟ್ಟಿಗೆ ನಮ್ಮ ಕಸುಬಿನಲ್ಲಿ ‘ಬ್ರೀಫ್’ ಎನ್ನುತ್ತೇವೆ. ಅದರಲ್ಲಿ ತುಂಬ ಮುಖ್ಯವಾದ ಪ್ರಶ್ನೆ ‘ನಿಮಗೆ ಯಾವ ಬಣ್ಣ ಇಷ್ಟ?’ ಅಲ್ಲ, ‘ಲೋಗೋ ಎಲ್ಲೆಲ್ಲಿ ಕೂರಬೇಕು?’. ಸಮವಸ್ತ್ರದ ಜೇಬಿನ ಮೇಲೆ ಕಸೂತಿ ಹಾಕಿಸುವುದಿದ್ದರೆ ಕೂದಲೆಳೆಯಂಥ ಗೆರೆಗಳು ದಾರದಲ್ಲಿ ನಿಲ್ಲುವುದಿಲ್ಲ. ರಬ್ಬರ್ ಸ್ಟಾಂಪ್ ಬೇಕಿದ್ದರೆ ಒಂದು ಬಣ್ಣದಿಂದ ಇನ್ನೊಂದಕ್ಕೆ ಜಾರುವ ಛಾಯೆ ಬರುವುದಿಲ್ಲ. ಇದು ಮೊದಲೇ ಗೊತ್ತಿದ್ದರೆ ಗೆರೆಯ ದಪ್ಪವನ್ನು ಅದಕ್ಕೆ ತಕ್ಕಂತೆ ಇಡಬಹುದು. ಆಮೇಲೆ ಗೊತ್ತಾದರೆ ಎಲ್ಲ ಹೊಸದಾಗಿ.

ಮೂರು ವಾರ ಹೇಗೆ ಕಳೆಯುತ್ತದೆ ಎಂದರೆ, ಮೊದಲ ಕೆಲವು ದಿನ ನಿಮ್ಮ ಕ್ಷೇತ್ರದ ಉಳಿದ ಲೋಗೋಗಳನ್ನು ಒಟ್ಟಿಗೆ ಹರಡಿಕೊಂಡು ನೋಡುವ ಕೆಲಸ. ಅವುಗಳಲ್ಲಿ ಒಂದೇ ಎಲೆ, ಒಂದೇ ಹಸಿರು ಇದ್ದರೆ ಆ ದಾರಿ ಬಿಟ್ಟ ಹಾಗೆ. ಆಮೇಲೆ ಪೆನ್ಸಿಲ್. ಮೂವತ್ತು ನಲವತ್ತು ಗೀಚು ಹಾಕಿದರೆ ಮುಂದಕ್ಕೆ ಒಯ್ಯಬಹುದಾದವು ಎರಡೋ ಮೂರೋ ಉಳಿಯುತ್ತವೆ. ಅವನ್ನು ಕಂಪ್ಯೂಟರಿನಲ್ಲಿ ಮೊದಲು ಬರೀ ಕಪ್ಪಿನಲ್ಲೇ ಕಟ್ಟಬೇಕು. ಕಪ್ಪಿನಲ್ಲಿ ನಿಲ್ಲದ ಆಕಾರವನ್ನು ಬಣ್ಣ ಎತ್ತಿ ನಿಲ್ಲಿಸಲಾರದು. ಬ್ರೌಸರ್ ಟ್ಯಾಬಿನ ಗುರುತಿನಷ್ಟು, ಅಂದರೆ 16 ಪಿಕ್ಸೆಲ್‌ಗೆ ಕುಗ್ಗಿಸಿ ನೋಡುವುದು, ಕಪ್ಪು ಹಿನ್ನೆಲೆಯ ಮೇಲೆ ಬಿಳಿಯಾಗಿಸಿ ನೋಡುವುದು, ಇವೆಲ್ಲ ನಿಮಗೆ ತೋರಿಸುವ ಮೊದಲೇ ಆಗಬೇಕು.

ನಿಮ್ಮ ಕಡೆಯಿಂದ ಬೇಕಾದದ್ದು ಸ್ಪಷ್ಟವಾದ ಮಾತು. ‘ಚೆನ್ನಾಗಿದೆ, ಆದರೆ ಏನೋ ಕಡಿಮೆ’ ಎಂದರೆ ಡಿಸೈನರ್ ಕತ್ತಲಲ್ಲಿ ಕೈಯಾಡಿಸಬೇಕಾಗುತ್ತದೆ. ‘ಎರಡನೇ ಪದ ದೂರದಿಂದ ಓದಲಾಗುತ್ತಿಲ್ಲ’ ಎಂದರೆ ಹತ್ತು ನಿಮಿಷದ ಕೆಲಸ. ಮತ್ತೆ, ಮನೆಯವರು ಸ್ನೇಹಿತರು ಎಲ್ಲರನ್ನೂ ಕೇಳಿ, ಆದರೆ ಡಿಸೈನರ್‌ಗೆ ಉತ್ತರ ಒಬ್ಬರಿಂದಲೇ ಹೋಗಲಿ.

ಪ್ರ: ಪರದೆಯಲ್ಲಿ ಹೊಳೆಯುವ ನೀಲಿ ಇತ್ತು. ಅಚ್ಚಾಗಿ ಬಂದದ್ದು ಮಂಕು ನೇರಳೆ. ತಪ್ಪು ಪ್ರೆಸ್ಸಿನದೋ, ಡಿಸೈನರ್‌ದೋ?

ಉ: ಪರದೆ ಬೆಳಕು ಚೆಲ್ಲುತ್ತದೆ, ಮಸಿ ಬೆಳಕು ನುಂಗುತ್ತದೆ. ಕೆಂಪು, ಹಸಿರು, ನೀಲಿ ಬೆಳಕು ಸೇರಿ ಆಗುವ ಆರ್‌ಜಿಬಿ ಬಣ್ಣಗಳಲ್ಲಿ ಎಷ್ಟೋ ಬಣ್ಣಗಳು ಸಯಾನ್ (ತಿಳಿನೀಲಿ), ಮಜೆಂಟಾ (ಕಡುಗುಲಾಬಿ), ಹಳದಿ, ಕಪ್ಪು ಎಂಬ ನಾಲ್ಕು ಮಸಿಗಳಿಗೆ, ಅಂದರೆ ಸಿಎಂವೈಕೆಗೆ, ಎಟುಕುವುದೇ ಇಲ್ಲ. ಹೊಳೆಯುವ ನೀಲಿ, ಗಿಳಿಹಸಿರು, ಉಜ್ವಲ ಕಿತ್ತಳೆ ಮೊದಲಿಗೆ ಸೋಲುವವು. ಅಂಥ ನೀಲಿಯನ್ನು ಸಾಫ್ಟ್‌ವೇರ್ ತಾನಾಗಿ ಸಿಎಂವೈಕೆಗೆ ಬದಲಿಸಿದಾಗ ಸಯಾನ್ ಜೊತೆ ಮಜೆಂಟಾ ಕೂಡ ಹೆಚ್ಚು ಸುರಿಯುತ್ತದೆ. ನಿಮ್ಮ ನೇರಳೆ ಹುಟ್ಟುವುದು ಅಲ್ಲಿ. ಮಜೆಂಟಾ ಪ್ರಮಾಣವನ್ನು ಸಯಾನ್‌ಗಿಂತ ಕನಿಷ್ಠ 30 ಅಂಶ ಕೆಳಗಿಟ್ಟರೆ ನೀಲಿ ನೀಲಿಯಾಗಿ ಉಳಿಯುತ್ತದೆ. ಉದಾಹರಣೆಗೆ ಸಯಾನ್ 100 ಪ್ರತಿಶತ, ಮಜೆಂಟಾ 60 ಪ್ರತಿಶತ. ಪರದೆಯ ಹೊಳಪು ಮಾತ್ರ ಆಗಲೂ ಬರದು.

ಕಾಗದಕ್ಕೂ ಇದರಲ್ಲಿ ಪಾಲಿದೆ. ನುಣುಪು ಲೇಪದ ಆರ್ಟ್ ಪೇಪರಿನಲ್ಲಿ ಮಸಿ ಮೇಲೆಯೇ ನಿಲ್ಲುತ್ತದೆ. ಲೇಪವಿಲ್ಲದ ಕಾಗದ ಮಸಿಯನ್ನು ಹೀರಿಕೊಳ್ಳುವುದರಿಂದ ಚುಕ್ಕಿಗಳು ಹರಡಿ ಅದೇ ಫೈಲ್ ಇನ್ನಷ್ಟು ಮಂಕಾಗಿ, ಗಾಢವಾಗಿ ಬರುತ್ತದೆ. ಕಂಪನಿಯ ಬಣ್ಣ ಎಲ್ಲ ಕಡೆ ಒಂದೇ ಇರಬೇಕೆಂದಿದ್ದರೆ ಮೊದಲೇ ಬೆರೆಸಿದ ಸ್ಪಾಟ್ ಬಣ್ಣ ಬಳಸಿ. ಒಂದೊಂದು ಮಸಿಗೆ ಒಂದೊಂದು ಅಚ್ಚಿನ ಪ್ಲೇಟ್ ಇರುವುದರಿಂದ ಅದಕ್ಕೆ ಒಂದು ಪ್ಲೇಟ್ ಹೆಚ್ಚು ಬೇಕು, ಖರ್ಚೂ ಹೆಚ್ಚು.

ಕಪ್ಪಿನಲ್ಲೂ ಒಂದು ಗುಂಡಿಯಿದೆ. ದೊಡ್ಡ ಹಿನ್ನೆಲೆಗೆ ಕಪ್ಪು ಮಸಿ ಮಾತ್ರ 100 ಹಾಕಿದರೆ ಬೂದು ಮಿಶ್ರಿತ ಕಪ್ಪು ಕಾಣುತ್ತದೆ. ಸಯಾನ್ 60, ಮಜೆಂಟಾ 40, ಹಳದಿ 40, ಕಪ್ಪು 100 ಸೇರಿಸಿದರೆ ಆಳವಾದ ಕಪ್ಪು. ಆದರೆ ಇದೇ ಬೆರಕೆಯನ್ನು ಸಣ್ಣ ಅಕ್ಷರಕ್ಕೆ ಹಾಕಬಾರದು: ನಾಲ್ಕು ಪ್ಲೇಟ್ ಕೂದಲೆಳೆಯಷ್ಟು ಸರಿದರೂ ಅಕ್ಷರದ ಅಂಚಿನಲ್ಲಿ ಬಣ್ಣದ ನೆರಳು ಕಾಣುತ್ತದೆ. ನಾಲ್ಕೂ ಮಸಿಗಳ ಪ್ರಮಾಣ ಕೂಡಿ ಸುಮಾರು 300 ಪ್ರತಿಶತ ದಾಟಿದರೆ ಒಣಗುವುದು ತಡವಾಗಿ, ಪೇರಿಸಿಟ್ಟ ಮೇಲಿನ ಹಾಳೆಯ ಬೆನ್ನಿಗೆ ಅಂಟುತ್ತದೆ.

ಇನ್ನು ತಪ್ಪು ಯಾರದು? ಆರ್‌ಜಿಬಿ ಫೈಲನ್ನೇ ಪ್ರೆಸ್ಸಿಗೆ ಕಳಿಸಿದ್ದರೆ ಡಿಸೈನರ್‌ದು. ಮುದ್ರಿತ ಪ್ರೂಫ್ ನೋಡಿ ಒಪ್ಪಿದ ಮೇಲೆ ಬಣ್ಣ ಬದಲಾಗಿದ್ದರೆ ಪ್ರೆಸ್ಸಿನದು. ಪ್ರೂಫ್ ಬೇಡ, ಮೊಬೈಲಿನಲ್ಲೇ ನೋಡಿದ್ದೇನೆ ಎಂದು ನೀವು ಒಪ್ಪಿದ್ದರೆ, ಕ್ಷಮಿಸಿ.

ಪ್ರ: ಮೂರು ಮಡಿಕೆಯ ಬ್ರೋಷರ್ ಮಡಿಚಿದರೆ ಒಳಪುಟ ಉಬ್ಬುತ್ತದೆ. ಅಂಚಿನಲ್ಲಿ ಬಿಳಿ ಗೆರೆಯೂ ಉಳಿದಿದೆ.

ಉ: ಎ4 ಹಾಳೆಯ ಉದ್ದ 297 ಮಿ.ಮೀ. ಅದನ್ನು ಸಮನಾಗಿ 99ರಂತೆ ಹಂಚಿದರೆ ಒಳಗೆ ಸೇರುವ ಭಾಗಕ್ಕೆ ಜಾಗ ಸಾಲದೆ ಉಬ್ಬುತ್ತದೆ. 100, 100, 97 ಎಂದು ಹಂಚಿ. ಒಳಗೆ ಹೋಗುವುದು 97. ಹಾಳೆಯ ಹಿಂಬದಿಗೆ ಈ ಅಳತೆ ಕನ್ನಡಿಯಂತೆ ತಿರುಗುತ್ತದೆ, ಅಲ್ಲಿ ಎಡವುವವರೇ ಹೆಚ್ಚು. ಹೊರಬದಿಯಲ್ಲಿ ಎಡದಿಂದ 97, 100, 100. ಒಳಬದಿಯಲ್ಲಿ 100, 100, 97.

ಬಿಳಿ ಗೆರೆಗೆ ಕಾರಣ ಬ್ಲೀಡ್ ಬಿಡದಿರುವುದು. ಕಟಿಂಗ್ ಬ್ಲೇಡ್ ಸ್ವಲ್ಪ ಆಚೀಚೆ ಆಗಿಯೇ ತೀರುತ್ತದೆ. ಹಿನ್ನೆಲೆಯನ್ನು ಸುತ್ತಲೂ 3 ಮಿ.ಮೀ. ಹೊರಕ್ಕೆ ಚಾಚಿ, ಅದೇ ಬ್ಲೀಡ್. ಉದಾಹರಣೆಗೆ 148 × 210ರ ಎ5 ಪುಟದ ಫೈಲ್ ಆಗ 154 × 216 ಆಗುತ್ತದೆ. ಅಕ್ಷರಗಳು ಕಟಿಂಗ್ ಗೆರೆಯಿಂದ 5 ಮಿ.ಮೀ. ಒಳಗಿರಲಿ.

ಪ್ರ: ವಾಟ್ಸಾಪಿನಲ್ಲಿ ಕಳಿಸಿದ ಫೋಟೋ ಬೇಡ ಎನ್ನುತ್ತಾರೆ. ನನ್ನ ಕಣ್ಣಿಗೆ ಸ್ಪಷ್ಟವಾಗಿಯೇ ಇದೆ.

ಉ: ಮೊಬೈಲ್ ಪರದೆಯ ಮಟ್ಟಿಗೆ ಸ್ಪಷ್ಟ. ಕೈಯಲ್ಲಿ ಹಿಡಿದು ಓದುವ ಮುದ್ರಣಕ್ಕೆ ಇಂಚಿಗೆ 300 ಪಿಕ್ಸೆಲ್ ಬೇಕು. 1200 ಪಿಕ್ಸೆಲ್ ಅಗಲದ ಫೋಟೋ ಅಂದರೆ 4 ಇಂಚು ಅಗಲ, ಅಷ್ಟೇ. ಫೋಟೋ ಆಗಿ ಕಳಿಸಿದರೆ ವಾಟ್ಸಾಪ್ ಕುಗ್ಗಿಸುತ್ತದೆ. ಅದೇ ಫೈಲನ್ನು ಡಾಕ್ಯುಮೆಂಟ್ ಆಗಿ ಕಳಿಸಿ. ದೂರದಿಂದ ನೋಡುವ ದೊಡ್ಡ ಫ್ಲೆಕ್ಸ್‌ಗಾದರೆ ಇಂಚಿಗೆ 100 ಪಿಕ್ಸೆಲ್ ಕೂಡ ನಡೆದೀತು.

ಪ್ರ: ಕನ್ನಡ ಪಠ್ಯವನ್ನು ಡಿಸೈನ್ ಸಾಫ್ಟ್‌ವೇರಿಗೆ ಅಂಟಿಸಿದರೆ ಒತ್ತಕ್ಷರಗಳೆಲ್ಲ ಬೇರೆಯಾಗುತ್ತವೆ. ಏನು ಮಾಡಲಿ?

ಉ: ಎರಡು ರೋಗಗಳು ಒಂದೇ ಥರ ಕಾಣುತ್ತವೆ. ಪಠ್ಯವೆಲ್ಲ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರವಾಗಿದ್ದರೆ ಅದು ಹಳೆಯ ಸಂಕೇತದ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಆಗಿದೆ. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್‌ಗೆ ಬದಲಿಸಿ, ಆಮೇಲೆ ಒಮ್ಮೆ ಪೂರ್ತಿ ಓದಿ. ಅಕ್ಷರ ಕನ್ನಡದಲ್ಲೇ ಇದ್ದು ಒತ್ತು ಮಾತ್ರ ಕೆಳಗೆ ಕೂರದೆ ಪಕ್ಕಕ್ಕೆ ನಿಂತರೆ ದೋಷ ಸಾಫ್ಟ್‌ವೇರಿನ ಸೆಟ್ಟಿಂಗಿನದು. ಇನ್‌ಡಿಸೈನ್‌ನಲ್ಲಿ ‘ವರ್ಲ್ಡ್-ರೆಡಿ’ ಕಂಪೋಸರ್ ಆಯ್ಕೆ ಮಾಡಿ.

ಸರಿಯಾಗಿ ಕೂತ ಮೇಲೂ ಸಾಲುಗಳ ನಡುವಿನ ಅಂತರ ನೋಡಿಕೊಳ್ಳಿ. ಸಾಫ್ಟ್‌ವೇರ್ ತಾನಾಗಿ ಕೊಡುವ 120 ಪ್ರತಿಶತ ಇಂಗ್ಲಿಷಿಗೆ ಸಾಕು. ನಮ್ಮಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತು. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ಬಡಿಯುತ್ತದೆ. 140ರಿಂದ 150ರವರೆಗೆ ಇಟ್ಟು ನೋಡಿ. ಅಕ್ಷರಗಳ ನಡುವಿನ ಅಂತರ ಮಾತ್ರ ಹಿಗ್ಗಿಸಬೇಡಿ, ದೀರ್ಘದ ಗುರುತು ತನ್ನ ಅಕ್ಷರದಿಂದ ಕಿತ್ತುಹೋದಂತೆ ಕಾಣುತ್ತದೆ. ಪ್ರೆಸ್ಸಿಗೆ ಕಳಿಸುವ ಪ್ರತಿಯಲ್ಲಿ ಅಕ್ಷರಗಳನ್ನು ಔಟ್‌ಲೈನ್ ಮಾಡಿ, ಅಂದರೆ ಬರೀ ಆಕಾರಗಳಾಗಿ ಬದಲಿಸಿ, ತಿದ್ದಬಹುದಾದ ಪ್ರತಿಯನ್ನು ಬೇರೆಯಾಗಿ ಉಳಿಸಿಕೊಳ್ಳಿ. ಔಟ್‌ಲೈನ್ ಆದ ಮೇಲೆ ಕಾಗುಣಿತ ತಿದ್ದಲಾಗದು.

ಪ್ರ: ದುಡ್ಡು ಪೂರ್ತಿ ಕೊಟ್ಟಿದ್ದೇನೆ. ಸೋರ್ಸ್ ಫೈಲ್ ಕೇಳಿದರೆ ಬೇರೆ ಮೊತ್ತ ಹೇಳುತ್ತಾರೆ. ಇದು ನ್ಯಾಯವೆ?

ಉ: ಒಪ್ಪಂದದಲ್ಲಿ ಬರೆದಿಲ್ಲದಿದ್ದರೆ ವಾದ ಎರಡೂ ಕಡೆ ಇದೆ. ಲೋಗೋ ಆದರೆ ಎಸ್‌ವಿಜಿ ಮತ್ತು ಪಿಡಿಎಫ್ ವೆಕ್ಟರ್ ಪ್ರತಿ (ಎಷ್ಟು ಹಿಗ್ಗಿಸಿದರೂ ಮಸುಕಾಗದ್ದು), ಹಿನ್ನೆಲೆಯಿಲ್ಲದ ಪಿಎನ್‌ಜಿ, ಒಂದೇ ಬಣ್ಣದ ಪ್ರತಿ, ಇಷ್ಟು ಕೇಳದೆಯೇ ಸಿಗಬೇಕು. ಬರೀ ಜೆಪೆಗ್ ಕೊಟ್ಟು ಕೈತೊಳೆದುಕೊಂಡರೆ ಕೆಲಸ ಮುಗಿದಿಲ್ಲ. ಬ್ರೋಷರಿನಂಥ ಕೆಲಸದಲ್ಲಿ ಪದರಗಳಿರುವ ಮೂಲ ಫೈಲನ್ನು ಹಲವರು ಬೇರೆ ಬಾಬ್ತಾಗಿ ಲೆಕ್ಕ ಹಾಕುತ್ತಾರೆ. ಅದರೊಳಗಿನ ಫಾಂಟ್ ಮತ್ತು ಫೋಟೋಗಳ ಪರವಾನಗಿ ಡಿಸೈನರ್ ಹೆಸರಿನಲ್ಲಿದ್ದರೆ ಅವನ್ನು ನಿಮಗೆ ದಾಟಿಸುವ ಹಕ್ಕು ಅವರಿಗೂ ಇರದಿರಬಹುದು. ಮುಂದಿನ ಕೆಲಸಕ್ಕೆ ಅಡ್ವಾನ್ಸ್ ಕೊಡುವ ಮೊದಲು ಎಷ್ಟು ಮಾದರಿ, ಎಷ್ಟು ಸುತ್ತು ತಿದ್ದುಪಡಿ, ಯಾವ ಯಾವ ಫೈಲ್, ಹಕ್ಕು ಯಾರದು ಎಂಬ ನಾಲ್ಕನ್ನು ಒಂದು ಇಮೇಲ್‌ನಲ್ಲಿ ಬರೆಸಿಕೊಳ್ಳಿ.