ಪ್ರತಿಕ್ರಿಯೆ: ಸ್ಲೀವ್ ಆದ ಮೇಲೆ ಮುದ್ದೆ ತಿನ್ನಬಹುದಾ?

ಅಕ್ಕನಿಗೆ 118 ಕೆಜಿ, ಎತ್ತರ 5 ಅಡಿ 2 ಇಂಚು, ಶುಗರ್ ಇದೆ, ಸ್ಲೀವ್ ಸರ್ಜರಿ (ತೂಕ ಇಳಿಸೋಕೆ ಜಠರ ಚಿಕ್ಕದು ಮಾಡೋ ಆಪರೇಷನ್) ಆದ ಮೇಲೆ ಮುದ್ದೆ ತಿನ್ನಬಹುದಾ ಅಂತ ಕೇಳಿದ್ದೀರಿ. ತಿನ್ನಬಹುದು, ಆದರೆ ತಕ್ಷಣ ಅಲ್ಲ.

ನನ್ನ ಹೆಂಡತಿಗೆ ಇದೇ ಆಪರೇಷನ್ ಆಗಿದೆ. ಮೊದಲ ಎರಡು ವಾರ ಬೇಳೆಕಟ್ಟು, ತೆಳು ಮಜ್ಜಿಗೆ ಅಷ್ಟೇ. ಒಂದು ಲೋಟ ಮುಗಿಸಲು ಮುಕ್ಕಾಲು ಗಂಟೆ! ಮುದ್ದೆ ಮುಟ್ಟಿದ್ದು ಮೂರನೇ ತಿಂಗಳಲ್ಲಿ, ನಿಂಬೆಹಣ್ಣಿನಷ್ಟು. ನಾವು ಮುದ್ದೆ ಅಗಿಯೋದಿಲ್ಲ, ನುಂಗ್ತೀವಿ ಅಲ್ವಾ? ಅಲ್ಲೇ ಎಡವಟ್ಟಾಯಿತು. ಎರಡನೇ ತುತ್ತಿಗೇ ವಾಂತಿ. ಈಗ ಸಾರಲ್ಲಿ ಕಲಸಿ, ನಿಧಾನವಾಗಿ ತಿನ್ನುತ್ತಾಳೆ.

ಸ್ಲೀವ್‌ನಲ್ಲಿ ಜಠರದ ಸುಮಾರು ಮುಕ್ಕಾಲು ಪಾಲು ತೆಗೆದುಬಿಡುತ್ತಾರೆ. ಹಸಿವು ಹುಟ್ಟಿಸುವ ಗ್ರೆಲಿನ್ ಹಾರ್ಮೋನ್ ಹೆಚ್ಚಾಗಿ ಬರೋದು ಆ ಭಾಗದಿಂದಲೇ. ಅದಕ್ಕೇ ಹಸಿವೂ ಇಳಿಯುತ್ತದೆ.

ಅಕ್ಕನ ಬಿಎಂಐ (ಎತ್ತರಕ್ಕೆ ಹೋಲಿಸಿ ತೂಕ ಅಳೆಯೋ ಲೆಕ್ಕ) 47ರ ಆಸುಪಾಸು. 35 ದಾಟಿದರೇ ಸರ್ಜರಿ ಮಾಡಬಹುದು ಎನ್ನುತ್ತದೆ 2022ರ ಅಂತಾರಾಷ್ಟ್ರೀಯ ಮಾರ್ಗಸೂಚಿ. ಆದರೆ ಎದೆಯುರಿ, ಹುಳಿತೇಗು ಇದೆಯಾ? ಇದ್ದರೆ ಸ್ಲೀವ್‌ನಿಂದ ಜಾಸ್ತಿಯಾಗಬಹುದು, ಗ್ಯಾಸ್ಟ್ರಿಕ್ ಬೈಪಾಸ್ (ಜಠರ ಚಿಕ್ಕದು ಮಾಡಿ ನೇರ ಸಣ್ಣ ಕರುಳಿಗೆ ಜೋಡಿಸೋ ಸರ್ಜರಿ) ಬಗ್ಗೆಯೂ ಡಾಕ್ಟರ್ ಹತ್ತಿರ ಮಾತಾಡಿ. ವಿಟಮಿನ್ ಮಾತ್ರೆ ಜೀವನಪೂರ್ತಿ ಬೇಕು. ನಾಲ್ಕನೇ ತಿಂಗಳು ಬಾಚಣಿಗೆ ತುಂಬ ಕೂದಲು ಬಂದರೆ ಹೆದರಬೇಡಿ, ಸಾಮಾನ್ಯವಾಗಿ ಮತ್ತೆ ಬೆಳೆಯುತ್ತೆ. ಶುಗರ್ ಮಾತ್ರೆ ಮಾತ್ರ ಹಳೇ ಲೆಕ್ಕದಲ್ಲೇ ಮುಂದುವರಿಸಬೇಡಿ. ಡಿಸ್ಚಾರ್ಜ್ ದಿನವೇ ಹೊಸ ಡೋಸ್ ಬರೆಸಿಕೊಳ್ಳಿ.