ಪ್ಲೇಟ್‌ಲೆಟ್ ಚೀಲವನ್ನು ಐಸ್ ಡಬ್ಬಿಯಲ್ಲಿ ಏಕೆ ತರಬಾರದು?

ಪ್ರಶ್ನೆ: ಕಳೆದ ಮಳೆಗಾಲದಲ್ಲಿ ನಮ್ಮ ಸೋದರಮಾವನವರಿಗೆ ಡೆಂಗಿ ಬಂದು, ಪ್ಲೇಟ್‌ಲೆಟ್ ಎಂಟು ಸಾವಿರಕ್ಕೆ ಇಳಿದು, ವಸಡಿನಲ್ಲಿ ರಕ್ತ ಬರತೊಡಗಿತ್ತು. ನಾನೇ ರಕ್ತನಿಧಿಗೆ ಹೋಗಿ ಚೀಲ ತಂದೆ. ಕೆಡಬಾರದೆಂದು ಐಸ್ ತುಂಬಿದ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೆ. ಆಸ್ಪತ್ರೆಯವರು ಅದನ್ನು ಹಾಕಲು ಒಪ್ಪದೆ ಬೇರೆ ಚೀಲ ತರಿಸಿದರು. ಆ ಎರಡನೆಯ ಚೀಲದ ಅವಧಿ ಮರುದಿನವೇ ಮುಗಿಯುವುದಿತ್ತು. ರಕ್ತವನ್ನು ಫ್ರಿಜ್‌ನಲ್ಲಿ ಇಡುವಾಗ ಪ್ಲೇಟ್‌ಲೆಟ್ ಏಕೆ ಇಡಬಾರದು? ಹಳೆಯ ಚೀಲದ ಗುಣ ಕಡಿಮೆಯೇ?
– ಓದುಗರೊಬ್ಬರು, ಹಾಸನ

ಉತ್ತರ: ಹಾಲಿನಿಂದ ಹಿಡಿದು ಇನ್ಸುಲಿನ್‌ವರೆಗೆ ಕೆಡುವ ವಸ್ತುವನ್ನೆಲ್ಲ ತಂಪಿನಲ್ಲಿಟ್ಟು ರೂಢಿಯಿರುವ ನಮಗೆ ಐಸ್ ಡಬ್ಬಿ ನೆನಪಾಗುವುದು ಸಹಜ. ಆದ್ದರಿಂದ ಆ ಚೀಲ ವ್ಯರ್ಥವಾಯಿತೆಂದು ನೀವು ನೊಂದುಕೊಳ್ಳಬೇಡಿ. ಚೀಲ ಕೈಗೆ ಕೊಡುವಾಗಲೇ ಈ ಮಾತನ್ನು ಹೇಳಬೇಕಾದದ್ದು ರಕ್ತನಿಧಿಯ ಸಿಬ್ಬಂದಿಯ ಹೊಣೆ. ಆದರೂ ಅದನ್ನು ಹಾಕದೆ ಬಿಟ್ಟ ವೈದ್ಯರ ನಿರ್ಧಾರ ಸರಿಯಾದದ್ದೇ.

ಕೆಂಪು ರಕ್ತಕಣಗಳನ್ನು 2ರಿಂದ 6 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಟ್ಟರೆ, ಪ್ಲೇಟ್‌ಲೆಟ್‌ಗಳನ್ನು 20ರಿಂದ 24 ಡಿಗ್ರಿಯಲ್ಲಿ, ಅಂದರೆ ಹಿತವಾದ ಕೋಣೆಯ ಉಷ್ಣಾಂಶದಲ್ಲಿ ಇಡಬೇಕು. ನಮ್ಮಲ್ಲಿ ಅನೇಕರು ಪ್ಲೇಟ್‌ಲೆಟ್‌ಗಳನ್ನು ‘ಬಿಳಿ ರಕ್ತಕಣ’ ಎಂದು ಕರೆಯುತ್ತಾರೆ, ಅದು ತಪ್ಪು. ಇವು ರಕ್ತ ಹೆಪ್ಪುಗಟ್ಟಲು ನೆರವಾಗುವ, ಚಪ್ಪಟೆ ಬಿಲ್ಲೆಯಾಕಾರದ ಅತಿ ಸಣ್ಣ ಕಣಗಳು. ತಂಪು ತಗುಲಿದೊಡನೆ ಈ ಬಿಲ್ಲೆಗಳು ಉಬ್ಬಿ ಗುಂಡಗಾಗುತ್ತವೆ, ಮೈಯಿಂದ ಮುಳ್ಳುಗಳಂತಹ ಚಾಚುಗಳನ್ನು ಹೊರಡಿಸುತ್ತವೆ. ಮೇಲ್ಮೈಯ ಕೆಲವು ಪ್ರೋಟೀನುಗಳು ಒಂದೆಡೆ ಗುಂಪುಗೂಡುತ್ತವೆ. ಇಂತಹ ಕಣಗಳನ್ನು ರೋಗಿಗೆ ಹಾಕಿದರೆ ಯಕೃತ್ತು ಅವನ್ನು ಬೇಗನೆ ಗುರುತಿಸಿ ರಕ್ತದಿಂದ ತೆಗೆದುಹಾಕುತ್ತದೆ. 1960ರ ದಶಕದಲ್ಲಿ ಪ್ಲೇಟ್‌ಲೆಟ್‌ಗಳನ್ನೂ ಫ್ರಿಜ್‌ನಲ್ಲಿಯೇ ಇಡುತ್ತಿದ್ದರು. ಕೋಣೆಯ ಉಷ್ಣಾಂಶದಲ್ಲಿ ಇಟ್ಟವು ರೋಗಿಯ ರಕ್ತದಲ್ಲಿ ಹೆಚ್ಚು ದಿನ ಉಳಿಯುತ್ತವೆ ಎಂಬುದನ್ನು ಅಮೆರಿಕದ ಸ್ಕಾಟ್ ಮರ್ಫಿ ಮತ್ತು ಫ್ರ್ಯಾಂಕ್ ಗಾರ್ಡ್ನರ್ 1969ರಲ್ಲಿ ತೋರಿಸಿಕೊಟ್ಟ ಮೇಲೆ ಪದ್ಧತಿ ಬದಲಾಯಿತು.

ಉಷ್ಣಾಂಶದಷ್ಟೇ ಮುಖ್ಯವಾದದ್ದು ಗಾಳಿ. ಚೀಲದೊಳಗಿನ ಪ್ಲೇಟ್‌ಲೆಟ್‌ಗಳು ಜೀವಂತವಾಗಿದ್ದು, ಗ್ಲೂಕೋಸನ್ನು ಬಳಸುತ್ತ, ಆಮ್ಲಜನಕವನ್ನು ತೆಗೆದುಕೊಳ್ಳುತ್ತ ಇರುತ್ತವೆ. ಆದ್ದರಿಂದಲೇ ಅವುಗಳ ಚೀಲವನ್ನು ಆಮ್ಲಜನಕ ಒಳಬರಲು, ಇಂಗಾಲದ ಡೈಆಕ್ಸೈಡ್ ಹೊರಹೋಗಲು ಎಡೆಕೊಡುವ ವಿಶೇಷ ಪ್ಲಾಸ್ಟಿಕ್‌ನಿಂದ ಮಾಡಿರುತ್ತಾರೆ. ರಕ್ತನಿಧಿಯಲ್ಲಿ ಅವುಗಳನ್ನು ‘ಅಜಿಟೇಟರ್’ ಎಂಬ ಯಂತ್ರದ ತಟ್ಟೆಗಳ ಮೇಲೆ ಮಲಗಿಸಿ ಹಗಲೂ ರಾತ್ರಿ ಮೆಲ್ಲಗೆ ಅತ್ತಿತ್ತ ತೂಗುತ್ತಿರುತ್ತಾರೆ. ಒಂದರ ಮೇಲೊಂದು ಪೇರಿಸಿಟ್ಟರೆ ಅಥವಾ ತೂಗುವುದು ಬಹಳ ಹೊತ್ತು ನಿಂತರೆ ಆಮ್ಲಜನಕ ಸಾಲದೆ ಲ್ಯಾಕ್ಟಿಕ್ ಆಮ್ಲ ಹೆಚ್ಚುತ್ತದೆ. ಹಾಲು ಮೊಸರಾಗುವಾಗ ಹುಳಿ ತರುವುದೂ ಇದೇ ಆಮ್ಲ. ಪ್ಲಾಸ್ಮಾದಲ್ಲಿರುವ, ಅಂದರೆ ರಕ್ತದ ದ್ರವಭಾಗದಲ್ಲಿರುವ ಬೈಕಾರ್ಬೊನೇಟ್ ಸ್ವಲ್ಪ ಕಾಲ ಈ ಹುಳಿಯನ್ನು ತಡೆದುಕೊಳ್ಳುತ್ತದೆ. ಅದು ಮುಗಿದ ಮೇಲೆ ಪಿಎಚ್ (ಹುಳಿಯ ಅಳತೆ; ಇಳಿದಷ್ಟೂ ಹುಳಿ ಹೆಚ್ಚು) ಇಳಿದು, 6ರ ಸಮೀಪಕ್ಕೆ ಬರುವಷ್ಟರಲ್ಲಿ ಕಣಗಳು ಚೇತರಿಸಿಕೊಳ್ಳಲಾರದಷ್ಟು ಹಾಳಾಗಿರುತ್ತವೆ.

ಇದನ್ನು ಕಣ್ಣಿನಿಂದಲೇ ಸ್ವಲ್ಪಮಟ್ಟಿಗೆ ಪರೀಕ್ಷಿಸಬಹುದು. ಚೀಲ ಹೊರಗೆ ಕೊಡುವ ಮುನ್ನ ರಕ್ತನಿಧಿಯಲ್ಲಿ ಕೆಲಸ ಮಾಡುವ ನಾವು ಅದನ್ನು ಟ್ಯೂಬ್‌ಲೈಟಿಗೆ ಎದುರಾಗಿ ಹಿಡಿದು, ಬೆರಳಿನಿಂದ ನವಿರಾಗಿ ಒತ್ತಿ ಬಿಡುತ್ತೇವೆ. ಕಣಗಳು ಬಿಲ್ಲೆಯಾಕಾರದಲ್ಲಿಯೇ ಇದ್ದರೆ, ತಿಳಿಹಳದಿ ದ್ರವದೊಳಗೆ ರೇಷ್ಮೆಯ ಎಳೆಗಳು ಹೊರಳಿದಂತೆ ಬೆಳಕಿನ ಸುಳಿಗಳು ಮಿನುಗುತ್ತವೆ. ಗುಂಡಗಾಗಿದ್ದರೆ ಸುಳಿಯೇ ಕಾಣದು, ದ್ರವ ಮಂಕಾಗಿ ನಿಂತಿರುತ್ತದೆ. ಎಷ್ಟೋ ವರ್ಷಗಳಿಂದ ಇದನ್ನು ನೋಡುತ್ತಿದ್ದರೂ ಆ ಮಿನುಗು ಕಂಡಾಗಲೆಲ್ಲ ನನಗೆ ನೆಮ್ಮದಿಯೆನಿಸುತ್ತದೆ.

ಇನ್ನು ಅವಧಿಯ ವಿಚಾರ. ನಮ್ಮ ದೇಶದಲ್ಲಿ ಪ್ಲೇಟ್‌ಲೆಟ್ ಚೀಲದ ಆಯಸ್ಸು 5 ದಿನ. ಐದನೆಯ ದಿನದ ಕೊನೆಗೆ ಕಣಗಳೆಲ್ಲ ಸತ್ತುಹೋಗುತ್ತವೆ ಎಂಬುದು ಈ ಮಿತಿಗೆ ಕಾರಣವಲ್ಲ. ಕೋಣೆಯ ಉಷ್ಣಾಂಶವು ಬ್ಯಾಕ್ಟೀರಿಯಾಗಳಿಗೂ ಒಗ್ಗುತ್ತದೆ. ಸೂಜಿ ಚುಚ್ಚುವಾಗ ದಾನಿಯ ಚರ್ಮದಿಂದ ಒಂದೆರಡು ಒಳಸೇರಿದರೂ ದಿನ ಕಳೆದಂತೆ ಅವು ಅಪಾಯಕಾರಿಯಾಗುವಷ್ಟು ಹೆಚ್ಚಬಹುದು. ಅಮೆರಿಕದಲ್ಲಿ 1980ರ ದಶಕದಲ್ಲಿ ಅವಧಿಯನ್ನು 7 ದಿನಕ್ಕೆ ಏರಿಸಿದ್ದರು, ಆದರೆ ಇದೇ ಸೋಂಕಿನ ಕಾರಣದಿಂದ 1986ರಲ್ಲಿ ಪುನಃ 5ಕ್ಕೆ ಇಳಿಸಿದರು. ದಾನಿಯ ತೋಳನ್ನು ಚೆನ್ನಾಗಿ ಶುಚಿಗೊಳಿಸುವುದು, ಮೊದಲು ಬರುವ ಕೆಲವು ಮಿಲಿಲೀಟರ್ ರಕ್ತವನ್ನು ಬೇರೆ ಪುಟ್ಟ ಚೀಲಕ್ಕೆ ತಿರುಗಿಸುವುದು ಈ ಕಾರಣಕ್ಕಾಗಿಯೇ.

ನಿಮ್ಮ ಎರಡನೆಯ ಚೀಲ ಅವಧಿಯೊಳಗೇ ಇದ್ದುದರಿಂದ ಅದನ್ನು ಹಾಕಿದ್ದರಲ್ಲಿ ತಪ್ಪಿಲ್ಲ. ನಾಲ್ಕು–ಐದು ದಿನದ ಚೀಲದಿಂದ ಕೌಂಟ್ ಏರುವುದು ತಾಜಾ ಚೀಲಕ್ಕಿಂತ ತುಸು ಕಡಿಮೆ, ನಿಜ. ಆದರೆ ಅಂತಹ ಚೀಲ ಪಡೆದವರಲ್ಲಿ ರಕ್ತಸ್ರಾವ ಹೆಚ್ಚುತ್ತದೆ ಎಂದು ಸ್ಪಷ್ಟವಾಗಿ ಕಂಡುಬಂದಿಲ್ಲ. ಡೆಂಗಿಯಲ್ಲಂತೂ ರೋಗಿಯ ದೇಹವೇ ಪ್ಲೇಟ್‌ಲೆಟ್‌ಗಳನ್ನು ನಾಶಮಾಡುತ್ತಿರುವುದರಿಂದ, ಹೊಚ್ಚಹೊಸ ಚೀಲ ಹಾಕಿದರೂ ಕೌಂಟ್ ನಿರೀಕ್ಷಿಸಿದಷ್ಟು ಏರದಿರಬಹುದು. ತಾಜಾ ಚೀಲವೇ ಬೇಕೆಂದು ಹಟ ಹಿಡಿದು ಒಂದು ರಾತ್ರಿ ಕಳೆಯುವುದಕ್ಕಿಂತ, ರಕ್ತ ಒಸರುತ್ತಿರುವ ರೋಗಿಗೆ ಅವಧಿಯೊಳಗಿನ ಚೀಲವನ್ನು ಕೂಡಲೇ ಹಾಕಿಸುವುದು ಮೇಲು.

ಮುಂದೆ ಎಂದಾದರೂ ಚೀಲ ತರಬೇಕಾದರೆ ಐಸ್ ಇಲ್ಲದ ಥರ್ಮೋಕೋಲ್ ಡಬ್ಬಿಯಲ್ಲಿ, ಮಡಚದೆ, ಮೇಲೆ ಭಾರವಿಡದೆ ತನ್ನಿ. ಬಿಸಿಲಿಗೆ ನಿಂತ ಕಾರಿನಲ್ಲಿ ಬಿಡಬೇಡಿ. ಬೇಸಿಗೆಯಲ್ಲಿ ಕಾರಿನ ಒಳಗಿನ ಕಾವು ಐಸ್‌ನಷ್ಟೇ ಕೆಡುಕು ಮಾಡುತ್ತದೆ. ಹಾಸನದಂತಹ ಊರಿನೊಳಗಿನ ಪ್ರಯಾಣದಲ್ಲಿ ತೂಗುವ ಯಂತ್ರವಿಲ್ಲದ ಸ್ವಲ್ಪ ಹೊತ್ತನ್ನು ಕಣಗಳು ತಾಳಿಕೊಳ್ಳುತ್ತವೆ. ವಾರ್ಡಿಗೆ ತಲುಪಿದೊಡನೆ ದಾದಿಯರ ಕೈಗೇ ಕೊಟ್ಟು, ‘ಇದು ಪ್ಲೇಟ್‌ಲೆಟ್, ಫ್ರಿಜ್‌ನಲ್ಲಿ ಇಡಬೇಡಿ ಸಿಸ್ಟರ್’ ಎಂದು ಹೇಳಲು ಸಂಕೋಚಪಡಬೇಡಿ.