ಏಳನೆಯ ಪುಟದಿಂದ ಶುರುಮಾಡಿ

ನಮಸ್ಕಾರ.

ಎಲ್‌ಸಿಡಿ (ದ್ರವ ಸ್ಫಟಿಕ) ಪರದೆಯ ವೇಗದ ಗಣಿತವನ್ನು ಕುರಿತ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಚೆನ್ನಾಗಿರುವ ಭಾಗವನ್ನು ನೀವು ಏಳನೆಯ ಪುಟದಲ್ಲಿ ಬಚ್ಚಿಟ್ಟಿದ್ದೀರಿ.

ಮೊದಲ ಮೂರು ಪುಟ 1888ರಲ್ಲಿ ದ್ರವ ಸ್ಫಟಿಕವನ್ನು ಮೊದಲು ಗುರುತಿಸಿದ ರೈನಿಟ್ಸರ್ ಕಥೆ. ಒಂದೇ ವಸ್ತು 145.5 ಡಿಗ್ರಿಯಲ್ಲಿ ಕರಗಿ ಮಬ್ಬಾಗಿ, 178.5ರಲ್ಲಿ ತಿಳಿಯಾದದ್ದು ಸೊಗಸಾದ ಸಂಗತಿಯೇ. ಆದರೆ ಪರದೆ ಎಷ್ಟು ಬೇಗ ಬದಲಾಗುತ್ತದೆಂಬ ಪ್ರಶ್ನೆಗೆ ಅದು ಬೇಕಿಲ್ಲ. ತೆಗೆದುಬಿಡಿ.

ಒಂದು ತಪ್ಪೂ ಇದೆ. 'ವೋಲ್ಟೇಜ್ ಹೆಚ್ಚಿಸಿದಷ್ಟೂ ಅಣುಗಳು ಬೇಗ ತಿರುಗಿ ಬೇಗ ಮರಳುತ್ತವೆ' ಎಂದಿದ್ದೀರಿ. ತಿರುಗುವುದು ನಿಜ. ಮರಳುವಾಗ ವಿದ್ಯುತ್ ಕ್ಷೇತ್ರವೇ ಇರುವುದಿಲ್ಲವಲ್ಲ! ಎರಡು ಗಾಜುಗಳ ನಡುವಿನ ದ್ರವ ಸ್ಫಟಿಕದ ಸ್ಥಿತಿಸ್ಥಾಪಕ ಬಲವೊಂದೇ ಅವನ್ನು ಹಿಂದಕ್ಕೆಳೆಯಬೇಕು, ಸ್ನಿಗ್ಧತೆ ತಡೆಯುತ್ತಿರುತ್ತದೆ. ನೀವೇ ಕೊಟ್ಟ ಸೂತ್ರ ನೋಡಿ: ತಿರುಗು ಸ್ನಿಗ್ಧತೆಯನ್ನು ಪದರದ ದಪ್ಪದ ವರ್ಗದಿಂದ ಗುಣಿಸಿ, ಸ್ಥಿತಿಸ್ಥಾಪಕ ಸ್ಥಿರಾಂಕ ಮತ್ತು ಪೈ ವರ್ಗದ ಗುಣಲಬ್ಧದಿಂದ ಭಾಗಿಸಿದರೆ ಮರಳುವ ಕಾಲ. ವೋಲ್ಟೇಜ್ ಎಲ್ಲಿದೆ ಅದರಲ್ಲಿ?

ಸೂತ್ರಕ್ಕೆ ಅಂಕಿ ತುಂಬಿ. ಸ್ನಿಗ್ಧತೆ 0.1 ಪ್ಯಾಸ್ಕಲ್-ಸೆಕೆಂಡ್, ಸ್ಥಿರಾಂಕ 10 ಪಿಕೊನ್ಯೂಟನ್, ದಪ್ಪ 5 ಮೈಕ್ರೊಮೀಟರ್ ಎಂದುಕೊಂಡರೆ ಸುಮಾರು 25 ಮಿಲಿಸೆಕೆಂಡ್ ಬರುತ್ತದೆ. ಸೆಕೆಂಡಿಗೆ 60 ಚಿತ್ರ ತೋರಿಸುವ ಪರದೆಯಲ್ಲಿ ಒಂದು ಚಿತ್ರಕ್ಕೆ ಸಿಗುವುದು 16.7 ಮಾತ್ರ. ಹಾರುವ ಚೆಂಡಿನ ಹಿಂದೆ ಬಾಲ ಮೂಡುವುದಕ್ಕೆ ಇದೂ ಒಂದು ಕಾರಣ. ದಪ್ಪ ಅರ್ಧವಾದರೆ ಕಾಲ 6ರ ಆಸುಪಾಸಿಗೆ ಇಳಿಯುತ್ತದೆ. (ಸಮೀಕರಣ ಕಂಡರೆ ಓದುಗರು ಓಡುತ್ತಾರೆಂದು ನಮ್ಮಲ್ಲೇ ಕೆಲವರು ಹೇಳುತ್ತಾರೆ. ನಾನು ನಂಬುವುದಿಲ್ಲ.)

ಇನ್ನು ಏಳನೆಯ ಪುಟ. ವೋಲ್ಟೇಜ್ ತೆಗೆದ ಕೂಡಲೇ ಗಾಜಿನ ಬಳಿ ಬಾಗಿ ನಿಂತ ಅಣುಗಳು ರಭಸದಿಂದ ಮರಳುತ್ತವೆ. ಆ ಸೆಳೆತಕ್ಕೆ ದ್ರವವೇ ಹರಿಯತೊಡಗುತ್ತದೆ. ಹರಿವು ನಡುವಿನ ಅಣುಗಳನ್ನು, ಮರಳಬೇಕಾದ ಕಡೆಗಲ್ಲದೆ, ಕ್ಷಣಕಾಲ ಎದುರು ದಿಕ್ಕಿಗೆ ವಾಲಿಸಿಬಿಡುತ್ತದೆ. ಅಣುಗಳ ಸಾಲನ್ನು ಒಂದು ಗಾಜಿನಿಂದ ಇನ್ನೊಂದಕ್ಕೆ ತಿರುಚಿಟ್ಟ ಪರದೆಯಲ್ಲಿ ಏರುತ್ತಿದ್ದ ಬೆಳಕು ಒಮ್ಮೆ ತಗ್ಗಿ ಮತ್ತೆ ಏರುತ್ತದೆ. ಅಣುಗಳ ದಿಕ್ಕನ್ನಷ್ಟೇ ಲೆಕ್ಕಕ್ಕೆ ಹಿಡಿದ ಮಾದರಿಯಲ್ಲಿ ಈ ತಗ್ಗು ಕಾಣುವುದೇ ಇಲ್ಲ; ಹರಿವನ್ನೂ ಸೇರಿಸಿಕೊಂಡ ಎರಿಕ್ಸೆನ್-ಲೆಸ್ಲಿ ಸಮೀಕರಣಗಳಲ್ಲಿ ಕಾಣುತ್ತದೆ. ಇಷ್ಟನ್ನು ನೀವು 'ಹಿನ್ನಹರಿವಿನ ಪರಿಣಾಮವೂ ಗಮನಾರ್ಹ' ಎಂಬ ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ! ಇಲ್ಲಿಂದ ಲೇಖನ ಆರಂಭಿಸಿ. ಇದೇ ಹರಿವನ್ನು ಅನುಕೂಲಕ್ಕೆ ತಿರುಗಿಸಿಕೊಂಡ ಪೈ-ಸೆಲ್ ಎಂಬ ಬಗೆಯ ಪರದೆಗೆ ಒಂದು ಪುಟ ಕೊಡಿ.

'ಸಿಪಾಯಿಗಳಂತೆ ಸಾಲುಗಟ್ಟಿದ ಅಣುಗಳು' ಆರು ಕಡೆ ಬಂದಿವೆ. ಹಿಂದಕ್ಕೆ ವಾಲುವ ಸಿಪಾಯಿಗಳನ್ನು ನಾನು ಕಂಡಿಲ್ಲ, ಆರನ್ನೂ ಹೊಡೆದುಹಾಕಿ.

ತಿದ್ದಿದ ಪ್ರತಿ 1,200 ಪದ ಮೀರದಿರಲಿ.

— ಸಂಪಾದಕ